ಉಸುಕು ಹಾಕುವ ಮೊದಲು ಒಂದು ಲಿಂಬೆಹಣ್ಣು ಹಿಂಡಿ

ಕಲಬುರಗಿಯಲ್ಲಿ ಮೀನು ಸಾಕುವವರ ಮನೆಗೆ ಹೋದರೆ ಟ್ಯಾಂಕಿನ ತಳ ನೋಡಿಯೇ ಅರ್ಧ ಕಥೆ ಹೇಳಬಹುದು. ನೀಲಿ, ಗುಲಾಬಿ ಹರಳು ಇದ್ದರೆ ಅದು ಮಕ್ಕಳ ಹಟಕ್ಕೆ ಬಂದ ಟ್ಯಾಂಕು. ಬೆಳ್ಳಗಿನ ಗುಂಡುಕಲ್ಲು ಇದ್ದರೆ ಅದು ಹೂಕುಂಡದ ಅಂಗಡಿಯಿಂದ ಬಂದದ್ದು. ಏನೂ ಇಲ್ಲದೆ ಬರೀ ಗಾಜು ಕಾಣುತ್ತಿದ್ದರೆ ಒಳಗೆ ತಳ ಅಗೆಯುವ ಫ್ಲವರ್‌ಹಾರ್ನ್ ಮೀನು ಇರುತ್ತದೆ, ಇಲ್ಲವೇ ಮನೆಯವರು ಒಂದು ಸಲ ಕೈ ಸುಟ್ಟುಕೊಂಡಿರುತ್ತಾರೆ. ನಾನೂ ಕೈ ಸುಟ್ಟುಕೊಂಡವನೇ.

ಎರಡು ಅಡಿ ಟ್ಯಾಂಕು ತಂದ ಹೊಸತು. ನಿಯಾನ್ ಟೆಟ್ರಾ ಸಾಕುವ ಆಸೆ. ನಮ್ಮ ಬೋರ್ ನೀರು ಗಡಸು, ಅಂದರೆ ಸುಣ್ಣ ಜಾಸ್ತಿ, ಆ ಮೀನಿಗೆ ಆಗಿಬರುವುದಿಲ್ಲ ಅಂತ ಯಾರೋ ಹೇಳಿದ್ದರು. ಹಾಗಾಗಿ ಆರ್‌ಓ ನೀರಿನ ಕ್ಯಾನು ಹೊತ್ತು ತಂದು ತುಂಬಿದೆ. ಅಷ್ಟೆಲ್ಲ ಕಷ್ಟಪಟ್ಟವನು ತಳಕ್ಕೆ ಹಾಕಿದ್ದೇನು ಗೊತ್ತಾ? ನಮ್ಮ ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಕಡೆ ಬಿದ್ದಿದ್ದ ಶಹಾಬಾದ್ ಪರ್ಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಚೂರು. ಪದರ ಪದರವಾಗಿ ಜೋಡಿಸಿ ಗುಹೆ ಮಾಡಿದ್ದೆ, ನೋಡಲು ಚೆಂದವೇ ಇತ್ತು. ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಪಿಎಚ್ ಪಟ್ಟಿ ಮೊದಲ ದಿನ 6.5 ತೋರಿಸಿದ್ದು ವಾರದ ನಂತರ 8 ತೋರಿಸಿತು. 15 ದಿನದಲ್ಲಿ 10 ಮೀನಿನ ಪೈಕಿ 2 ಉಳಿದವು. ತಪ್ಪೆಲ್ಲ ಕಲ್ಲಿನದೇ ಅನ್ನಲಾರೆ. ಟ್ಯಾಂಕೂ ಹೊಸದು, ನಾನೂ ಹೊಸಬ. ಆದರೆ ದುಡ್ಡು ಕೊಟ್ಟು ಮೆದು ನೀರು ತಂದು, ಪುಕ್ಕಟೆ ಕಲ್ಲು ಹಾಕಿ ಅದನ್ನು ಮತ್ತೆ ಗಡಸು ಮಾಡಿದೆನಲ್ಲ, ಆ ದಡ್ಡತನ ಇವತ್ತಿಗೂ ಚುಚ್ಚುತ್ತದೆ.

ಅಂಗಡಿಯವರು ಸಬ್‌ಸ್ಟ್ರೇಟ್ ಅನ್ನುವ ಈ ತಳಹಾಸಿನ ಬಗ್ಗೆ ಎಲ್ಲೆಲ್ಲಿಯವರೋ ಬರೆದದ್ದು ಬೇಕಾದಷ್ಟು ಸಿಗುತ್ತದೆ. ಅವರ ನೆಲ ಬೇರೆ, ನೀರು ಬೇರೆ. ನಮ್ಮದು ಸುಣ್ಣದ ನೆಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀರು, ಆಮೇಲೆ ಮೀನು, ಆಮೇಲೆ ಉಸುಕು

ನಮ್ಮ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರುವುದು ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲೇ ಬಂದು ಕೂತದ್ದು ಅದಕ್ಕೇ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಪರ್ಸಿಯೂ ಅದೇ ಕಲ್ಲು. ಜಿಲ್ಲೆಯ ಉಳಿದ ಬಹುಭಾಗದಲ್ಲಿ ಕರಿಕಲ್ಲು, ಅದರ ಮೇಲೆ ಎರೆಮಣ್ಣು. ಬೀದರ್ ಕಡೆ ಹೋದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಗ್ರಾನೈಟ್ ಗುಡ್ಡಗಳು. ಶಹಾಪುರದ ‘ಮಲಗಿದ ಬುದ್ಧ’ ಅಂಥ ಬಂಡೆಗಳ ಸಾಲೇ. ಮೂರು ಜಿಲ್ಲೆ, ನಾಲ್ಕು ಥರದ ಕಲ್ಲು. ಟ್ಯಾಂಕಿನ ಮಟ್ಟಿಗೆ ಗ್ರಾನೈಟೂ ಕರಿಕಲ್ಲೂ ಸುಮ್ಮನೆ ಕೂರುವ ಕಲ್ಲುಗಳು. ಸುಣ್ಣದ ಕಲ್ಲು ಸುಮ್ಮನೆ ಕೂರುವುದಿಲ್ಲ, ನಿಧಾನಕ್ಕೆ ಕರಗುತ್ತದೆ.

ಆದರೆ ಅದು ಎಷ್ಟು ಕರಗುತ್ತದೆ ಅನ್ನುವುದು ನೀರಿನ ಮೇಲೆ ನಿಂತಿದೆ. ಗೀಸರ್ ರಾಡಿನ ಮೇಲೆ ಬೆಳ್ಳನೆಯ ಪದರ ಕಟ್ಟುವ ಬೋರ್ ನೀರಿನಲ್ಲಿ ಸುಣ್ಣ ಮೊದಲೇ ತುಂಬಿಕೊಂಡಿರುತ್ತದೆ. ಅಂಥ ನೀರಿಗೆ ಪರ್ಸಿ ಚೂರು ಹಾಕಿದರೆ ಹೆಚ್ಚೇನೂ ಬದಲಾಗುವುದಿಲ್ಲ. ಹೊಟ್ಟೆ ತುಂಬಿದವನ ಮುಂದೆ ಇನ್ನೊಂದು ರೊಟ್ಟಿ ಇಟ್ಟಂತೆ. ಆರ್‌ಓ ನೀರು, ಮಳೆ ನೀರು ಹಸಿದ ನೀರು. ಅದು ಸುಣ್ಣ ಕಂಡರೆ ಬಿಡುವುದಿಲ್ಲ. ಹೀಗಾಗಿ ಬೋರ್ ನೀರಿನಲ್ಲಿ ಗಪ್ಪಿ ಸಾಕುವವರು ಈ ಕಲ್ಲು ಹಾಕಿದರೂ ಅವರ ಮೀನಿಗೆ ಏನೂ ಆಗಲಿಲ್ಲ, ಅದೇ ಕಲ್ಲು ಹಾಕಿ ನನ್ನ ಟೆಟ್ರಾ ಹೋದವು.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಕೂತು ಯೋಚಿಸಿ, ಟ್ಯಾಂಕಿಗೆ ದಿನಾ ಯಾವ ನೀರು ಹಾಕುವವರು ನೀವು? ಬೋರ್ ನೀರೇ ಅಂತಾದರೆ ಗಪ್ಪಿ, ಮೋಲಿ, ಪ್ಲಾಟಿ ಆರಿಸಿಕೊಳ್ಳಿ. ಅವು ಗಡಸು ನೀರಿನಲ್ಲೇ ಚೆನ್ನಾಗಿರುತ್ತವೆ. ಆಫ್ರಿಕಾದ ದೊಡ್ಡ ಸರೋವರಗಳ ಸಿಕ್ಲಿಡ್ ಮೀನುಗಳಿಗಂತೂ ನಮ್ಮ ನೀರು ತವರು ಮನೆ ಇದ್ದಂತೆ. ನನ್ನನ್ನು ಕೇಳಿದರೆ ಕಲಬುರಗಿಯಲ್ಲಿ ಮೊದಲ ಟ್ಯಾಂಕು ಇಡುವವರು ಸುಮ್ನೆ ಇವುಗಳಲ್ಲೇ ಒಂದನ್ನು ಸಾಕಬೇಕು. ನೀರಿನ ಜೊತೆ ಜಗಳ ಆಡುವ ಆಸೆ ಇದ್ದರೆ ಎರಡನೇ ಟ್ಯಾಂಕಿಗೆ ಇಟ್ಟುಕೊಳ್ಳಿ.

ಇನ್ನು ಮೀನಿನ ಬಾಯಿ, ಮೀಸೆ ನೋಡಿ. ಕೋರಿಡೋರಸ್, ಲೋಚ್ ಥರದವು ದಿನವಿಡೀ ತಳ ಕೆದಕುತ್ತವೆ. ಅವಕ್ಕೆ ದುಂಡಗಿನ ನುಣ್ಣನೆ ಉಸುಕೇ ಬೇಕು. ಚೂಪು ಹರಳಿನ ಮೇಲೆ ಬಿಟ್ಟರೆ ಮೀಸೆ ಸವೆದು ಹುಣ್ಣಾಗುತ್ತದೆ. ಗೋಲ್ಡ್‌ಫಿಶ್‌ನ ಚಾಳಿ ಬೇರೆ. ಕಂಡ ಕಲ್ಲನ್ನೆಲ್ಲ ಬಾಯಿಗೆ ಹಾಕಿ ಉಗುಳುತ್ತದೆ. ಬಾಯಿಯ ಅಳತೆಗೆ ಸರಿಯಾಗಿ ಕೂರುವ ಕಲ್ಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಉಸುಕು ಹಾಕಿ, ಇಲ್ಲವೇ ಬಾಯಿಗೆ ಹಿಡಿಯದಷ್ಟು ದೊಡ್ಡ ಗುಂಡುಕಲ್ಲು ಹಾಕಿ, ನಡುವಿನ ಅಳತೆ ಬೇಡ. ಆಸ್ಕರ್, ಫ್ಲವರ್‌ಹಾರ್ನ್ ನೀವು ಏನು ಹಾಸಿದರೂ ಅಗೆದು ಮೂಲೆಗೆ ಗುಡ್ಡೆ ಹಾಕುತ್ತವೆ, ಅಲ್ಲಿ ಅಲಂಕಾರದ ಚಿಂತೆ ಬಿಟ್ಟುಬಿಡಿ. ಬೆಟ್ಟಾ, ಗುರಾಮಿಗೆ ತಳದ ತಕರಾರೇ ಇಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ತಳ ಕಪ್ಪಗಿದ್ದಷ್ಟೂ ಮೀನಿನ ಬಣ್ಣ ಎದ್ದು ಕಾಣುತ್ತದೆ. ಬಿಳಿ ತಳದ ಮೇಲೆ ಮೀನೂ ಬಿಳಿಚಿಕೊಳ್ಳುತ್ತದೆ.

ಎಲ್ಲಿಂದ ತರಬೇಕು

ಮನೆ ಕಟ್ಟುವ ಉಸುಕು ಎಲ್ಲರಿಗೂ ಮೊದಲು ನೆನಪಾಗುತ್ತದೆ. ತಪ್ಪಿಲ್ಲ. ಭೀಮಾ ಹೊಳೆಯ ಉಸುಕಿನ ಕಣಗಳು ನೀರಿನಲ್ಲಿ ಉರುಳಿ ಅಂಚು ಕಳೆದುಕೊಂಡಿರುತ್ತವೆ. ಆದರೆ ಅದರಲ್ಲಿ ಕರಿಕಲ್ಲಿನ ಪುಡಿ, ಸುಣ್ಣದ ಚೂರು, ಚಿಪ್ಪು, ಮಣ್ಣು ಎಲ್ಲ ಕಲೆತಿರುತ್ತದೆ, ಅದಕ್ಕೇ ಪರೀಕ್ಷೆ ಬೇಕು. ಹೊಳೆಗೆ ಹೋಗಿ ನೀವೇ ತೋಡಬೇಡಿ, ಅದಕ್ಕೆ ಪರವಾನಗಿ ಬೇಕು, ಸುಮ್ನೆ ತಾಪತ್ರಯ. ಕೆಲಸ ನಡೆದಿರುವ ಕಡೆ ಗೌಂಡಿಯವರನ್ನು ಕೇಳಿದರೆ ಒಂದು ಬುಟ್ಟಿ ಕೊಡುತ್ತಾರೆ. ಸಿಮೆಂಟ್ ಕಲಸುವ ಜಾಗದ ಹತ್ತಿರದ್ದು ಬೇಡ, ಗುಡ್ಡೆಯ ಆಚೆ ಬದಿಯಿಂದ ತುಂಬಿಕೊಳ್ಳಿ. ಸಿಮೆಂಟಿನ ಪುಡಿ ಸೇರಿದ್ದರೆ ಪಿಎಚ್ ಒಮ್ಮೆಲೇ ಏರುತ್ತದೆ.

ಎಂ-ಸ್ಯಾಂಡ್ ಬೇಡ. ಅದು ಕಲ್ಲು ಒಡೆದು ಮಾಡಿದ್ದು. ಅಂಚು ಚೂಪು, ಧೂಳು ವಿಪರೀತ. ಹತ್ತು ಸಲ ತೊಳೆದರೂ ಬೂದಿ ನೀರು ಬರುತ್ತಲೇ ಇರುತ್ತದೆ.

ನನಗೆ ಈಗ ಹಿಡಿಸಿರುವುದು ಫಿಲ್ಟರ್ ಉಸುಕು. ನಮ್ಮ ಊರು, ಹಳ್ಳಿಗಳಲ್ಲೆಲ್ಲ ಶುದ್ಧ ನೀರಿನ ಘಟಕಗಳಿವೆಯಲ್ಲ, ಅವುಗಳ ದೊಡ್ಡ ಸಿಲಿಂಡರ್‌ನಲ್ಲಿ ತುಂಬುವ ಉಸುಕು ಇದು. ಬಹುಪಾಲು ಬೆಣಚು, ಅಂದರೆ ಸಿಲಿಕಾ. ಸುಣ್ಣ ಬಿಡುವುದಿಲ್ಲ, ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ನೀರು ಶುದ್ಧೀಕರಣದ ಸಾಮಾನು ಮಾರುವವರ ಹತ್ತಿರ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಅರ್ಧದಿಂದ 1 ಮಿಲಿಮೀಟರ್ ದಪ್ಪದ್ದು ಕೇಳಿ. ಅಕ್ವೇರಿಯಂ ಅಂಗಡಿಯ ಸಣ್ಣ ಪ್ಯಾಕೆಟ್‌ಗೆ ಹೋಲಿಸಿದರೆ ಕಿಲೋ ಲೆಕ್ಕದಲ್ಲಿ ಅಗ್ಗವೇ ಬೀಳುತ್ತದೆ. ಕೊಳ್ಳುವ ಮುಂಚೆ ಒಂದು ಹಿಡಿ ಅಂಗೈಯಲ್ಲಿ ಉಜ್ಜಿ ನೋಡಿ. ಚುಚ್ಚಿದರೆ ತಳ ಕೆದಕುವ ಮೀನಿಗೆ ಬೇಡ.

ಅಂಗಡಿಯ ಬಣ್ಣದ ಹರಳು ಬೇಕೇ ಬೇಕು ಅಂದರೆ ಒಂದು ಹಿಡಿಯನ್ನು ಬಿಳಿ ಬಟ್ಟಲಿನಲ್ಲಿ 24 ಗಂಟೆ ನೆನೆಹಾಕಿ. ನೀರಿಗೆ ಬಣ್ಣ ಬಂತೋ, ಹೋಗಿ ವಾಪಸ್ ಕೊಡಿ. ಹೂಕುಂಡದ ಬಿಳಿ ಕಲ್ಲುಗಳಲ್ಲಿ ಕೆಲವು ಬೆಣಚು, ಕೆಲವು ಅಮೃತಶಿಲೆ. ಅಮೃತಶಿಲೆ ಅಂದರೆ ಅದೂ ಸುಣ್ಣವೇ. ಗೋವಾಕ್ಕೆ ಹೋದಾಗ ತಂದ ಸಮುದ್ರದ ಉಸುಕು, ಶಂಖ, ಚಿಪ್ಪು ಎಲ್ಲ ಶೋಕೇಸ್‌ನಲ್ಲೇ ಇರಲಿ.

ಲಿಂಬೆಹಣ್ಣಿನ ಪರೀಕ್ಷೆ

ಉಸುಕಾದರೆ ಒಣಗಿದ್ದು ಒಂದು ಚಮಚ ಸ್ಟೀಲ್ ತಾಟಿನಲ್ಲಿ ಹಾಕಿ. ಕಲ್ಲಾದರೆ ಮೊಳೆಯಿಂದ ಗೀರಿ, ಗೀರಿದ ಕಡೆ ಸ್ವಲ್ಪ ಪುಡಿ ಬರಲಿ. ಮೇಲೆ ಲಿಂಬೆಹಣ್ಣು ಹಿಂಡಿ ಕಿವಿ ಹತ್ತಿರ ತನ್ನಿ. ಸುಣ್ಣ ಇದ್ದರೆ ಸಣ್ಣಗೆ ಚುರ್ ಅನ್ನುತ್ತದೆ, ಗುಳ್ಳೆ ಏಳುತ್ತದೆ. ಪರ್ಸಿ ಚೂರಿನ ಮೇಲೆ ಒಮ್ಮೆ ಮಾಡಿ ನೋಡಿ, ಗುಳ್ಳೆ ಹೇಗಿರುತ್ತದೆ ಅಂತ ಕಣ್ಣಿಗೆ ಗುರುತು ಸಿಗುತ್ತದೆ.

ಲಿಂಬೆರಸ ಸೌಮ್ಯ. ಅದು ಏನೂ ತೋರಿಸದಿದ್ದರೂ ಅನುಮಾನ ಉಳಿದರೆ ಟಾಯ್ಲೆಟ್ ತೊಳೆಯುವ ಆಸಿಡ್‌ನ ಎರಡು ಹನಿ ಬಿಡಿ. ಶೀಶೆಯ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಅಂತ ಬರೆದಿರಬೇಕು. ಇದನ್ನು ಹೊರಗೆ, ಗಾಳಿಯಲ್ಲಿ, ಕೈಗವಸು ಹಾಕಿಕೊಂಡೇ ಮಾಡಿ. ಮಕ್ಕಳನ್ನು ದೂರ ಇಡಿ. ಹತ್ತಿರದಲ್ಲಿ ಬ್ಲೀಚಿಂಗ್ ಪೌಡರ್ ಇರಲೇಬಾರದು, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಆಸಿಡ್ ಬಿದ್ದ ಉಸುಕು, ಕಲ್ಲು ಟ್ಯಾಂಕಿಗೆ ಬೇಡ.

ಹೊಳೆ ಉಸುಕಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ? ಬೋರ್ ನೀರಿನ ಟ್ಯಾಂಕಿಗೆ ಧಾರಾಳವಾಗಿ ಹಾಕಿ. ಆರ್‌ಓ ನೀರಿನ ಟ್ಯಾಂಕಿಗಾದರೆ ಇನ್ನೊಂದು ಪರೀಕ್ಷೆ ಇದೆ. ಒಂದು ಬಾಟಲಿಯಲ್ಲಿ ಕಾಲು ಭಾಗ ತೊಳೆದ ಉಸುಕು, ಉಳಿದದ್ದು ಆರ್‌ಓ ನೀರು. ಮೊದಲ ದಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ), ಪಿಎಚ್ ಬರೆದಿಟ್ಟು ವಾರ ಬಿಟ್ಟು ಮತ್ತೆ ನೋಡಿ. ಟಿಡಿಎಸ್ ಪೆನ್ನು ಆರ್‌ಓ ರಿಪೇರಿ ಮಾಡುವವರ ಹತ್ತಿರ ಇರುತ್ತದೆ, ಒಂದು ನಿಮಿಷಕ್ಕೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ಅಂಕಿ ಚೂರುಪಾರು ಏರಿದರೆ ಚಿಂತೆಯಿಲ್ಲ. ದುಪ್ಪಟ್ಟು, ಮೂರುಪಟ್ಟು ಆಗಿದ್ದರೆ ಆ ಉಸುಕು ನಿಮ್ಮದಲ್ಲ.

ಹಳೇ ಸ್ಪೀಕರಿನ ಅಯಸ್ಕಾಂತ ಇದ್ದರೆ ಒಣ ಉಸುಕಿನಲ್ಲಿ ಆಡಿಸಿ. ಮೊಳೆ, ತಂತಿ ಚೂರು ಬಂದರೆ ಒಳ್ಳೆಯದಾಯಿತು. ಜೊತೆಗೆ ಕರ್ರಗಿನ ಪುಡಿಯೂ ಮೆತ್ತಿಕೊಳ್ಳುತ್ತದೆ. ಅದು ಕರಿಕಲ್ಲಿನಲ್ಲಿ ಸಹಜವಾಗಿ ಇರುವ ಕಬ್ಬಿಣದ ಅದಿರು, ಮೀನಿಗೆ ಏನೂ ಮಾಡುವುದಿಲ್ಲ. ಆದರೆ ಫಿಲ್ಟರ್ ಮೋಟಾರಿನ ಒಳಗೂ ಅಯಸ್ಕಾಂತ ಇದೆಯಲ್ವಾ, ಅದಕ್ಕೆ ಹೋಗಿ ಅಂಟಿ ಸವೆಸುತ್ತದೆ. ಕೈಗೆ ಸಿಕ್ಕಷ್ಟು ತೆಗೆದುಬಿಡಿ.

ಎಷ್ಟು ಬೇಕು

ಉದ್ದ, ಅಗಲ, ಬೇಕಾದ ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. ಅದನ್ನು ಒಂದೂವರೆಯಿಂದ ಗುಣಿಸಿದರೆ ಹೆಚ್ಚುಕಡಿಮೆ ಕಿಲೋ. ಎರಡು ಅಡಿ ಟ್ಯಾಂಕಿಗೆ 60, 30, ದಪ್ಪ 5 ಅಂತ ಹಿಡಿದರೆ 9 ಲೀಟರ್, ಸುಮಾರು 14 ಕಿಲೋ. ತೊಳೆಯುವಾಗ ಹೋಗುವುದಕ್ಕೆ 2 ಕಿಲೋ ಜಾಸ್ತಿ ತನ್ನಿ. ಗಾಜು, ನೀರು, ಉಸುಕು ಸೇರಿ ಅಷ್ಟು ಸಣ್ಣ ಟ್ಯಾಂಕೂ 70 ಕಿಲೋ ಹತ್ತಿರ ತೂಗುತ್ತದೆ. ಟಿವಿ ಟೇಬಲ್ ಮೇಲೆ ಇಡುವ ವಿಚಾರ ಇದ್ದರೆ ಇಲ್ಲೇ ಬಿಡಿ.

ಗಿಡ ಇಲ್ಲದ ಟ್ಯಾಂಕಿಗೆ 3ರಿಂದ 4 ಸೆಂಟಿಮೀಟರ್ ಸಾಕು ಅನ್ನುವುದು ನನ್ನ ಮತ. ಬೇರೆ ಊರಿನವರು 5, 6 ಅನ್ನುತ್ತಾರೆ. ಅವರ ಊರಿನಲ್ಲಿ ಮೇ ತಿಂಗಳು ನಮ್ಮಂತೆ ಇರುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಉಸುಕಿನಡಿ ಕೊಳೆಯುವ ಕಸ ಆ ಆಮ್ಲಜನಕವನ್ನೂ ತಿನ್ನುತ್ತದೆ, ಸೆಕೆಗೆ ಕೊಳೆಯುವುದೂ ಬೇಗ. ಅದರ ಮೇಲೆ ಕರೆಂಟು ಹೋಗಿ ಫಿಲ್ಟರ್ ನಿಂತರೆ ಕೇಳಲೇಬೇಡಿ. ನುಣ್ಣನೆ ಉಸುಕು ದಪ್ಪಗಿದ್ದರೆ ತಳದಲ್ಲಿ ಗಾಳಿಯಾಡದ ಜಾಗ ಹುಟ್ಟಿ, ಕೊಳೆತ ತತ್ತಿಯ ವಾಸನೆಯ ಗುಳ್ಳೆ ಏಳುತ್ತದೆ. ಆ ಗಾಳಿ ಮೀನಿಗೆ ವಿಷ.

ತಳದಲ್ಲಿ ಪ್ಲಾಸ್ಟಿಕ್ ಜಾಲರಿ ಇಡುವ ಹಳೇ ಥರದ ಅಂಡರ್‌ಗ್ರಾವೆಲ್ ಫಿಲ್ಟರ್ ಇದ್ದರೆ ಉಸುಕು ನಡೆಯುವುದಿಲ್ಲ, ಜಾಲರಿಯಲ್ಲಿ ಇಳಿದು ಕಟ್ಟಿಕೊಳ್ಳುತ್ತದೆ. ಅದಕ್ಕೆ 3ರಿಂದ 5 ಮಿಲಿಮೀಟರಿನ ದುಂಡು ಹರಳು ಹಾಕಿ.

ತೊಳೆಯುವುದು

ಬಹಳ ಮಂದಿ ಸೋಲುವುದು ಇಲ್ಲೇ. ಎರಡು ಬಕೆಟ್ ನೀರು ಸುರಿದು, ಆಯಿತು ಅಂತ ಟ್ಯಾಂಕಿಗೆ ಸುರಿಯುತ್ತಾರೆ. ಆಮೇಲೆ ನೀರು ಚಹಾದ ಬಣ್ಣಕ್ಕೆ ತಿರುಗಿ ವಾರವಾದರೂ ಇಳಿಯುವುದಿಲ್ಲ.

ಮೊದಲು ಒಣಗಿದ್ದಾಗಲೇ ಸಾಣಿಗೆ ಹಿಡಿಯಿರಿ. ದೊಡ್ಡ ಕಣ್ಣಿನ ಸಾಣಿಗೆಯಲ್ಲಿ ಹರಳು, ಕಡ್ಡಿ ತೆಗೆಯಿರಿ. ಸಣ್ಣ ಕಣ್ಣಿನದರಲ್ಲಿ ಧೂಳು ಬೀಳಿಸಿ. ನಡುವೆ ಉಳಿದ, ರವೆಯಿಂದ ಸಕ್ಕರೆಯ ದಪ್ಪದವರೆಗಿನದ್ದು ನಿಮ್ಮ ಉಸುಕು. ಅಡುಗೆಮನೆಯ ಸಾಣಿಗೆ ತಂದು ಬೈಸಿಕೊಳ್ಳಬೇಡಿ, ಹಳೆಯದೊಂದು ಇಟ್ಟುಕೊಳ್ಳಿ.

ಆಮೇಲೆ 3, 4 ಕಿಲೋ ಮಾತ್ರ ಬಕೆಟ್‌ಗೆ ಹಾಕಿ. ಒಮ್ಮೆಲೇ ಜಾಸ್ತಿ ಹಾಕಿದರೆ ತಳದ ಉಸುಕಿಗೆ ಕೈ ಮುಟ್ಟುವುದಿಲ್ಲ. ಅರ್ಧ ಬಕೆಟ್ ನೀರು ಬಿಟ್ಟು, ಅಕ್ಕಿ ತೊಳೆಯುವ ಹಾಗೆ ತಳದಿಂದ ಮೇಲಕ್ಕೆ ತಿರುವಿ. ಐದು ಎಣಿಸಿ. ಉಸುಕು ಕೂರುತ್ತದೆ, ಮಣ್ಣು ತೇಲುತ್ತಿರುತ್ತದೆ. ಆಗಲೇ ನೀರು ಚೆಲ್ಲಿ. ತಡ ಮಾಡಿದರೆ ಮಣ್ಣೂ ಕೂರುತ್ತದೆ, ಮಾಡಿದ ಕೆಲಸ ದಂಡ. ಹೀಗೆ ಎಂಟು ಹತ್ತು ಸಲ. ಕೊನೆಗೆ ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಆಚೆ ಬದಿಯಿಂದ ನಿಮ್ಮ ಬೆರಳು ನೋಡಿ. ಬೆರಳಿನ ಗೆರೆ ಕಂಡರೆ ಆಯಿತು. ಸೋಪು, ಡಿಟರ್ಜೆಂಟ್ ಯಾವುದೂ ಬೇಡ. ಹಿಂದೆ ಸೋಪುನೀರು ಹಿಡಿದ ಬಕೆಟ್ಟೂ ಬೇಡ.

ನಾನು ಅಂಗಳದಲ್ಲಿ ಹೀಗೆ ಕೂತಿದ್ದಾಗ ಪಕ್ಕದ ಮನೆಯ ಕಾಕು ನೋಡಿ, “ಏನ್ರೀ, ಬ್ಯಾಳಿ ತೊಳ್ದಂಗ ಉಸುಕ ತೊಳಿಲತ್ತೀರಲ್ಲ, ಕುದಿಸಿ ಉಣ್ತೀರೇನು?” ಅಂದಿದ್ದರು. ನಗು ಅತ್ಲಾಗಿರಲಿ, ಅವರು ಆಮೇಲೆ ಕೇಳಿದ್ದು ಸರಿಯಾದ ಮಾತು: “ಇಷ್ಟ್ ನೀರು ಎಲ್ಲಿಂದ ತರೋದ್ರೀ?” 14 ಕಿಲೋ ಉಸುಕಿಗೆ 150ರಿಂದ 200 ಲೀಟರ್ ಹಿಡಿಯುತ್ತದೆ. ನಳಕ್ಕೆ ದಿನಾ ನೀರು ಬರದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನಾನು ಕಂಡುಕೊಂಡ ದಾರಿ ಎರಡು. ಮನೆಯ ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ವಾರವಿಡೀ ಡ್ರಮ್ಮಿನಲ್ಲಿ ಹಿಡಿದಿಡಿ. ಅದು ಗಡಸು, ಆದರೆ ಕೊಳಕಲ್ಲ. ಕೊನೆಯ ಎರಡು ಸಲ ಮಾತ್ರ ಟ್ಯಾಂಕಿಗೆ ಹಾಕುವ ನೀರಿನಲ್ಲೇ ತೊಳೆಯಿರಿ. ಎರಡನೆಯದು, ಈ ಕೆಲಸವನ್ನು ಏಪ್ರಿಲ್, ಮೇನಲ್ಲಿ ಹಿಡಿಯಬೇಡಿ. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿದು ಮಾಡಿ. ತೊಳೆದ ನೀರನ್ನು ಬಚ್ಚಲಿಗೆ ಬಿಟ್ಟರೆ ಮಣ್ಣು ಕೂತು ಪೈಪು ಕಟ್ಟುತ್ತದೆ, ಗಿಡದ ಬುಡಕ್ಕೆ ಹಾಕಿ.

ಹೊಳೆ ಉಸುಕಾದರೆ ತೊಳೆದ ಮೇಲೆ ಕುದಿಯುವ ನೀರು ಸುರಿದು ಹತ್ತು ನಿಮಿಷ ಬಿಡಿ. ಹುಳು, ಬಸವನಹುಳುವಿನ ಮೊಟ್ಟೆ ಹೋಗುತ್ತವೆ. ಹಾಗೆಯೇ ಮಾಳಿಗೆ ಮೇಲೆ ತೆಳ್ಳಗೆ ಹರವಿ ಎರಡು ಮೂರು ದಿನ ಒಣಗಿಸಿದರೂ ನಡೆದೀತು, ನಮ್ಮ ಬಿಸಿಲಿಗೆ ಏನು ಉಳಿಯುತ್ತದೆ? ದೊಡ್ಡ ಕಲ್ಲನ್ನು ಮಾತ್ರ ಕುದಿಸಬೇಡಿ, ಒಲೆ ಮೇಲೆ ಇಡಬೇಡಿ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿದ ಉದಾಹರಣೆಗಳಿವೆ. ಬ್ರಶ್‌ನಿಂದ ತಿಕ್ಕಿದರೆ ಸಾಕು.

ಗಿಡ ನೆಡುವುದಿದ್ದರೆ

ಗಿಡ ಅಂದ ಕೂಡಲೇ ಮಣ್ಣು ಹಾಕಲೇಬೇಕು ಅಂತಿಲ್ಲ. ಅನುಬಿಯಸ್, ಜಾವಾ ಫರ್ನ್ ಗಿಡಗಳನ್ನು ಕಲ್ಲಿಗೆ ಕಟ್ಟಬೇಕು. ಅವುಗಳ ದಪ್ಪ ಕಾಂಡ ಹೂತರೆ ಕೊಳೆಯುತ್ತದೆ. ಹಾರ್ನ್‌ವರ್ಟ್‌ಗೆ ಬೇರೇ ಇಲ್ಲ, ತೇಲುತ್ತದೆ. ವ್ಯಾಲಿಸ್ನೇರಿಯಾ ನಮ್ಮ ಗಡಸು ನೀರಿನಲ್ಲಿ ಬರೀ ಉಸುಕಿನಲ್ಲೇ ಹುಲ್ಲಿನ ಹಾಗೆ ಹಬ್ಬುತ್ತದೆ. ಅಮೆಜಾನ್ ಸ್ವೋರ್ಡ್, ಕ್ರಿಪ್ಟೋಕೋರಿನ್‌ಗೆ ಬೇರಿನಲ್ಲಿ ಊಟ ಬೇಕು. ಉಸುಕನ್ನು ಹಿಂದೆ 6, 7 ಸೆಂಟಿಮೀಟರಿಗೆ ಏರಿಸಿ, ಗಿಡದ ಬುಡದಲ್ಲಿ ಗೊಬ್ಬರದ ಗುಳಿಗೆ ಹೂಳಿದರೆ ಆಯಿತು.

ಆಕ್ಟಿವ್ ಸಾಯಿಲ್ ಅಂತ ದುಬಾರಿ ಮಣ್ಣಿನ ಗುಳಿಗೆಗಳು ಬರುತ್ತವೆ. ಸುಟ್ಟ ಮಣ್ಣು, ನೀರಿನ ಪಿಎಚ್ ಇಳಿಸುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆರ್‌ಓ ನೀರಿನಲ್ಲಿ. ನಮ್ಮ ಬೋರ್ ನೀರು ಹಾಕಿದರೆ ಅದರ ಶಕ್ತಿಯೆಲ್ಲ ಸುಣ್ಣದ ಜೊತೆ ಗುದ್ದಾಡುವುದರಲ್ಲೇ ಬೇಗ ಮುಗಿದುಹೋಗುತ್ತದೆ. ಹಾಕುವುದಾದರೆ ತೊಳೆಯಬೇಡಿ, ತೊಳೆದರೆ ಗುಳಿಗೆ ಒಡೆದು ಕೆಸರಾಗುತ್ತದೆ. ಮೊದಲ ಕೆಲವು ವಾರ ಅದು ಅಮೋನಿಯಾ ಬಿಡುತ್ತದೆ, ಆಗ ಮೀನು ಬಿಡಬೇಡಿ.

ಹೊಲದ ಎರೆಮಣ್ಣಿನ ಆಸೆ ನನಗೂ ಇತ್ತು. ತೊಗರಿ ಬೆಳೆಯುವ ಮಣ್ಣಿನಲ್ಲಿ ಗಿಡ ಬೆಳೆಯದೇ ಇರುತ್ತದಾ? ಆದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಮೇಲಿನ ಉಸುಕನ್ನು ಎತ್ತಿ ಹಾಕುತ್ತದೆ. ಒಮ್ಮೆ ಕದಡಿದರೆ ತಿಳಿಯಾಗಲು ದಿನಗಟ್ಟಲೆ ಬೇಕು. ಒಳಗೆ ಬಿಳಿ ಸುಣ್ಣದ ಹರಳುಗಳಿರುತ್ತವೆ, ಹೊಲಕ್ಕೆ ಹೊಡೆದ ಔಷಧಿಯೂ ಇದ್ದೀತು. ಬೇಡ.

ಮಣ್ಣೇ ಬೇಕಾದರೆ ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಚೆನ್ನ. ಕಬ್ಬಿಣ ತುಂಬಿದೆ, ಸುಣ್ಣ ಕಡಿಮೆ. (ಕೋಟೆ ಗೋಡೆಯೂ ಅದೇ ಕಲ್ಲಿನದು, ಅಲ್ಲಿಂದ ಕೆರೆಯಬೇಡಿ ಮತ್ತೆ.) ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ, 1807ರಲ್ಲಿ ಆ ಹೆಸರು ಅಚ್ಚು ಹಾಕಿಸಿದ. ಅದೇ ಮನುಷ್ಯ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆಯುತ್ತ ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಡ್ವಾರ್ಫ್ ಗುರಾಮಿಗಳನ್ನು ಮೊದಲು ವಿವರಿಸಿದವನೂ ಹೌದು. ನಿಮ್ಮ ಟ್ಯಾಂಕಿನಲ್ಲಿ ಕೆಂಪು ಮಣ್ಣಿನ ಮೇಲೆ ಡ್ಯಾನಿಯೊ ಓಡಾಡಿದರೆ, ಎರಡನ್ನೂ ಲೋಕಕ್ಕೆ ಪರಿಚಯಿಸಿದವನು ಒಬ್ಬನೇ.

ಈ ಮಣ್ಣನ್ನು ಗೊಬ್ಬರ, ಸಗಣಿ ಸೇರದ ಕಡೆಯಿಂದ ತನ್ನಿ. ಸಾಣಿಗೆ ಹಿಡಿದು, ನೆನೆಸಿ, ತೇಲುವ ಕಸ ಚೆಲ್ಲಿ, ಒಣಗಿಸಿ. ಎರಡು ಮೂರು ಸಲ ಹೀಗೆ ಮಾಡಿ. ಟ್ಯಾಂಕಿನಲ್ಲಿ 2 ಸೆಂಟಿಮೀಟರ್ ಮಣ್ಣು, ಮೇಲೆ 3, 4 ಸೆಂಟಿಮೀಟರ್ ಉಸುಕಿನ ಮುಚ್ಚಳ. ಮುಂದಿನ ಗಾಜಿನಿಂದ ನಾಲ್ಕು ಬೆರಳು ಜಾಗ ಬರೀ ಉಸುಕಿಗೇ ಬಿಟ್ಟರೆ ಮಣ್ಣಿನ ಗೆರೆ ಕಾಣುವುದಿಲ್ಲ. ಅಗೆಯುವ ಮೀನು ಇದ್ದರೆ ಈ ಉಸಾಬರಿಯೇ ಬೇಡ.

ಹಾಸುವುದು, ನೀರು ತುಂಬುವುದು

ಟ್ಯಾಂಕನ್ನು ಕಾಯಂ ಜಾಗದಲ್ಲಿ, ಅಡಿಗೆ ತೆಳು ಥರ್ಮಾಕೋಲ್ ಹಾಕಿ ಇಟ್ಟ ಮೇಲೆಯೇ ಉಸುಕು ಹಾಕಿ. ಉಸುಕು ತುಂಬಿದ ಟ್ಯಾಂಕನ್ನು ಇಬ್ಬರು ಹಿಡಿದು ಸರಿಸಿದರೆ ಗಾಜಿನ ಸಂದು ಬಿಡುತ್ತದೆ. ಭಾರದ ಕಲ್ಲುಗಳನ್ನು ಮೊದಲು ತಳದ ಮೇಲೆ ಕೂರಿಸಿ, ಸುತ್ತ ಉಸುಕು ತುಂಬಿ. ಉಸುಕಿನ ಮೇಲೆ ಕಲ್ಲು ಇಟ್ಟರೆ ಮೀನು ಅಡಿಯಲ್ಲಿ ಅಗೆದು, ಕಲ್ಲು ಮಗುಚಿ ಗಾಜಿಗೆ ಬಡಿಯುತ್ತದೆ. ಮುಂದೆ ತಗ್ಗು, ಹಿಂದೆ ಎತ್ತರ ಮಾಡಿದರೆ ಟ್ಯಾಂಕು ಆಳವಾಗಿ ಕಾಣುತ್ತದೆ, ಕಸವೂ ಮುಂದೆ ಬಂದು ಸೇರುತ್ತದೆ.

ಉಸುಕಿನ ಮೇಲೆ ಒಂದು ತಾಟು ಇಟ್ಟು ಅದರ ಮೇಲೆ ತಂಬಿಗೆಯಿಂದ ನಿಧಾನ ಸುರಿಯಿರಿ. ಪೈಪು ಬಿಡಬೇಡಿ. ಕಾಲು ಭಾಗ ತುಂಬಿದಾಗ ನಿಲ್ಲಿಸಿ, ಮೂಲೆಗಳಲ್ಲಿ ಬೆರಳಾಡಿಸಿ ಸಿಕ್ಕ ಗಾಳಿಗುಳ್ಳೆ ಬಿಡಿಸಿ. ಸ್ವಲ್ಪ ಮಬ್ಬು ಇದ್ದೇ ಇರುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ. ಆ ಮಬ್ಬು ಇಳಿಯುವ ತನಕ ಫಿಲ್ಟರ್ ಹಚ್ಚಬೇಡಿ, ಮೋಟಾರಿಗೆ ಉಸುಕು ಹೋಗುತ್ತದೆ. ಆಮೇಲೂ ಅದರ ಬಾಯಿ ಉಸುಕಿನಿಂದ ಒಂದು ಗೇಣಿನ ಹತ್ತಿರ ಮೇಲಿರಲಿ. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್‌ನಲ್ಲಿ ಏರ್ ಪಂಪ್ ಹಾಕಿಟ್ಟು ತುಂಬಿ.

ಮೀನು ನಾಳೆಯೇ ಬೇಡ. ಮೀನಿನ ಹೇಲಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಅಲ್ಲಿಂದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಈ ಉಸುಕಿನ ಕಣಗಳ ಮೇಲೂ ಫಿಲ್ಟರಿನ ಸ್ಪಂಜಿನ ಮೇಲೂ ಮನೆ ಮಾಡಬೇಕು. ಅದಕ್ಕೆ 4ರಿಂದ 6 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಫಿಲ್ಟರ್ ಓಡಿಸುತ್ತಿರಿ.

ಆಮೇಲಿನ ದಿನಗಳು

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಪೈಪಿನಿಂದ ತಳದ ಕಸ ಎಳೆಯಿರಿ. ಹರಳಾದರೆ ಪೈಪನ್ನು ಒಳಗೇ ಚುಚ್ಚಬಹುದು, ಉಸುಕಾದರೆ ಎರಡು ಬೆರಳು ಮೇಲೆ ಹಿಡಿದು ಕಸ ಮಾತ್ರ ಎಳೆಯಬೇಕು. ಎಂಟು ಹದಿನೈದು ದಿನಕ್ಕೊಮ್ಮೆ ಒಂದು ಕಡ್ಡಿಯಿಂದ ಉಸುಕನ್ನು ಮೆಲ್ಲಗೆ ಕೆದಕಿ. ಬೇಸಿಗೆಯಲ್ಲಿ ಇದನ್ನು ತಪ್ಪಿಸಬೇಡಿ, ಆಹಾರವನ್ನೂ ಅರ್ಧಕ್ಕೆ ಇಳಿಸಿ. ಹಾಕಿದ್ದು ಎರಡು ನಿಮಿಷದಲ್ಲಿ ಮುಗಿಯದಿದ್ದರೆ ಉಳಿದದ್ದು ಉಸುಕಿಗೇ ಹೋಗುತ್ತದೆ.

ವರ್ಷಕ್ಕೊಮ್ಮೆ ಹಬ್ಬದ ಮುಂದೆ ಮನೆ ತೊಳೆಯುವ ಭರದಲ್ಲಿ ಟ್ಯಾಂಕಿನ ಉಸುಕನ್ನೂ ನಳದ ಕೆಳಗೆ ಹಿಡಿದು ಫಳಫಳ ಮಾಡುವವರಿದ್ದಾರೆ. ಮರುವಾರ ಮೀನು ಸತ್ತವು ಅಂತ ಅಂಗಡಿಯವರ ಮೇಲೆ ಸಿಟ್ಟಾಗುತ್ತಾರೆ. ಕ್ಲೋರಿನ್ ನೀರಿಗೆ ಬ್ಯಾಕ್ಟೀರಿಯಾ ಸತ್ತಿದ್ದವು, ಅಷ್ಟೇ. ತಳ ಬದಲಿಸಲೇಬೇಕಾದರೆ ಅರ್ಧ ಈಗ, ಇನ್ನರ್ಧ ಮೂರು ನಾಲ್ಕು ವಾರ ಬಿಟ್ಟು. ತೆಗೆದ ಉಸುಕು, ಬಸವನಹುಳು, ಸಾಕಿ ಬೇಜಾರಾದ ಮೀನು, ಇವನ್ನು ನಮ್ಮ ಊರಿನ ಅಪ್ಪನ ಕೆರೆಗೆ ಒಯ್ದು ಬಿಡಬೇಡಿ. ಹೊರಗಿನ ಜೀವಗಳು ಅಲ್ಲಿ ಸೇರಿಕೊಂಡರೆ ಕೆರೆಯ ಮೀನಿಗೇ ಸಂಚಕಾರ. ಉಸುಕು ಒಣಗಿಸಿ ಹೂಕುಂಡಕ್ಕೆ ಹಾಕಿ, ಮೀನು ಅಂಗಡಿಗೆ ವಾಪಸ್ ಕೊಡಿ.

ನಿಮ್ಮ ಟ್ಯಾಂಕು ಆರು ತಿಂಗಳು ಚೆನ್ನಾಗಿ ನಡೆದು, ಗೆಳೆಯರೊಬ್ಬರು ಹೊಸ ಟ್ಯಾಂಕು ಇಡುತ್ತೇನೆ ಅಂದರೆ ಹಳೇ ಕಾಲುಚೀಲ ಒಂದನ್ನು ಸೋಪು ಹಾಕದೆ ಚೆನ್ನಾಗಿ ತೊಳೆದು, ನಿಮ್ಮ ತಳದ ಮೇಲ್ಪದರದ ಎರಡು ಹಿಡಿ ಉಸುಕು ತುಂಬಿ, ಬಾಯಿ ಗಂಟು ಹಾಕಿ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ಕೊಡಿ. ಅದೇ ದಿನ ಒಯ್ದು ಅವರ ಫಿಲ್ಟರಿನ ಮುಂದೆ ತೂಗಿಬಿಡಲಿ. ಆ ಉಸುಕಿನ ಬ್ಯಾಕ್ಟೀರಿಯಾಗಳಿಂದ ಅವರು ಕಾಯುವ ವಾರಗಳು ಕಡಿಮೆಯಾಗುತ್ತವೆ.